‘ಮಂಡ್ಯದ ಒಳಗೆ ಹೋಗುತ್ತದೆಯೇ?’ ಎಂದೇ ಕೇಳಿ

ಪ್ರಶ್ನೆ: ನಮ್ಮದು ಮಂಡ್ಯ ತಾಲ್ಲೂಕಿನ ಬಸರಾಳು ಕಡೆಯ ಹಳ್ಳಿ. ತಂದೆಗೆ 71 ವರ್ಷ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿದ್ದೇವೆ. ಸಕ್ಕರೆ ಕಾಯಿಲೆ ಇದೆ, ನೀರು ಹೋಗುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಮೂರು ತಿಂಗಳಿಗೊಮ್ಮೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತೋರಿಸಬೇಕು. ಇದುವರೆಗೆ ಅಣ್ಣ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಈಗ ಅವನು ಕೆಲಸಕ್ಕೆಂದು ಹೊರರಾಜ್ಯಕ್ಕೆ ಹೋಗಿರುವುದರಿಂದ ನಾನೇ ಬಸ್ಸಿನಲ್ಲಿ ಕರೆದೊಯ್ಯಬೇಕು. ಕಳೆದ ಸಲ ಹಿಂದಿರುಗುವಾಗ ನಾವು ಹತ್ತಿದ ಬಸ್ಸು ಊರೊಳಗೆ ಬರಲಿಲ್ಲ. ಬೈಪಾಸ್ ಹತ್ತಿರ ಇಳಿಸಿ ಹೋಯಿತು. ಕತ್ತಲೆಯಲ್ಲಿ ಅಪ್ಪನ ಕೈ ಹಿಡಿದುಕೊಂಡು ಸರ್ವೀಸ್ ರಸ್ತೆಯಲ್ಲಿ ನಡೆಯಬೇಕಾಯಿತು. ದಾರಿಯುದ್ದಕ್ಕೂ ಅವರು ಮೂತ್ರ ತಡೆದುಕೊಂಡು ಒದ್ದಾಡಿದರು. ಯಾವ ಬಸ್ಸು ಹತ್ತಬೇಕು, ಬೆಂಗಳೂರಿನಲ್ಲಿ ಎಲ್ಲಿ ಇಳಿಯಬೇಕು? ದುಡ್ಡು ಹೋದರೂ ಪರವಾಗಿಲ್ಲ, ಎಸಿ ಬಸ್ಸಿನಲ್ಲೇ ಹೋಗುವುದು ಒಳ್ಳೆಯದೇ?

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸರ್ವೀಸ್ ರಸ್ತೆಯಲ್ಲಿ ನಡೆದ ಮಾತು. ಸಾರಿಗೆ ಕೆಲಸದಲ್ಲಿ ಬದುಕು ಕಳೆದವನು ನಾನು. ಹೃದಯದ ತೊಂದರೆ ಇರುವ ಹಿರಿಯರೊಬ್ಬರನ್ನು ಹೆದ್ದಾರಿಯ ಅಂಚಿನಲ್ಲಿ ಇಳಿಸಿ ಹೋಗುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಇನ್ನೊಮ್ಮೆ ಹಾಗಾಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲೂ ಸ್ವಲ್ಪ ಇದೆ. ಅದಕ್ಕೆ ಮೊದಲು ಈ ದಾರಿಯಲ್ಲಿ ಬಸ್ಸುಗಳು ಹೇಗೆ ಓಡುತ್ತಿವೆ ಎಂಬುದು ತಿಳಿದಿರಬೇಕು.

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. 118 ಕಿ.ಮೀ. ಉದ್ದ, ನಡುವೆ ಆರು ಪಥ, ಎರಡು ಬದಿಗೂ ಸರ್ವೀಸ್ ರಸ್ತೆ. ಬಿಡದಿ, ರಾಮನಗರ–ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳಿಗೆ ಬೈಪಾಸ್ ಆಯಿತು. ಮದ್ದೂರನ್ನು ಮೇಲ್ಸೇತುವೆಯಲ್ಲಿ ದಾಟುವಂತಾಯಿತು. ಮೈಸೂರಿನವರಿಗೆ ಇದರಿಂದ ಒಂದು ಗಂಟೆಗೂ ಮೀರಿ ಸಮಯ ಉಳಿಯಿತು, ಅದು ದೊಡ್ಡ ಅನುಕೂಲವೇ. ಆದರೆ ಮೊದಲು ಒಂದೇ ರಸ್ತೆಯಲ್ಲಿ, ಒಂದೇ ಸಾಲಿನಲ್ಲಿ ಬರುತ್ತಿದ್ದ ಬಸ್ಸುಗಳು ಅಂದಿನಿಂದ ಎರಡು ದಾರಿ ಹಿಡಿದವು. ಮೈಸೂರಿನಿಂದ ಹೊರಟು ಎಲ್ಲಿಯೂ ನಿಲ್ಲದೆ ಎಕ್ಸ್‌ಪ್ರೆಸ್‌ವೇಯಲ್ಲೇ ಬೆಂಗಳೂರು ಸೇರುವ ತಡೆರಹಿತ ಬಸ್ಸುಗಳಿಗೆ ಮಂಡ್ಯ ಎಂಬುದು ಪಕ್ಕದಲ್ಲಿ ಹಾದುಹೋಗುವ ಒಂದು ಫಲಕ ಅಷ್ಟೇ. ಇನ್ನೊಂದು ಬಗೆಯ ಬಸ್ಸು ಊರೊಳಗೆ ಬಂದು ನಿಲ್ದಾಣದಲ್ಲಿ ನಿಂತು ಜನರನ್ನು ಹತ್ತಿಸಿಕೊಂಡು ಮತ್ತೆ ಎಕ್ಸ್‌ಪ್ರೆಸ್‌ವೇ ಸೇರುತ್ತದೆ. ಮೂರನೆಯದು ಹಳೆಯ ರಸ್ತೆಯಲ್ಲೇ ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ ಎಂದು ಊರೂರು ಮುಟ್ಟಿಕೊಂಡು ಹೋಗುತ್ತದೆ. ಹೊರಗಿನಿಂದ ನೋಡಿದರೆ ಮೂರೂ ಒಂದೇ ಬಣ್ಣದ ಬಸ್ಸುಗಳಾಗಿರಬಹುದು.

ಹೀಗಾಗಿ ಬೆಂಗಳೂರಿನಲ್ಲಿ ನಿಂತು ‘ಈ ಬಸ್ಸು ಮಂಡ್ಯಕ್ಕೆ ಹೋಗುತ್ತದೆಯೇ?’ ಎಂದು ಕೇಳಿದರೆ ಸಾಲದು. ಮಂಡ್ಯದ ದಿಕ್ಕಿಗೆ ಹೋಗುವ ಎಲ್ಲ ಬಸ್ಸಿನವರೂ ‘ಹೌದು’ ಎನ್ನಬಹುದು. ಗದ್ದಲದಲ್ಲಿ ಸರಿಯಾಗಿ ಕೇಳಿಸದೆಯೂ ತಲೆ ಆಡಿಸಬಹುದು. ‘ಮಂಡ್ಯದ ಒಳಗೆ ಹೋಗುತ್ತದೆಯೇ? ಬಸ್ ನಿಲ್ದಾಣದಲ್ಲಿ ಇಳಿಸುತ್ತೀರಾ?’ ಎಂದು ಕೇಳಿ. ಹತ್ತುವ ಮೊದಲೇ ಕೇಳಿ, ನಿರ್ವಾಹಕರನ್ನೇ ಕೇಳಿ. ಟಿಕೆಟ್ ಕೈಗೆ ಬಂದ ಕೂಡಲೇ ಅದರ ಮೇಲೆ ಮಂಡ್ಯ ಎಂದು ಮುದ್ರಿತವಾಗಿದೆಯೇ ನೋಡಿಕೊಳ್ಳಿ. ಮಂಡ್ಯಕ್ಕೆಂದು ಟಿಕೆಟ್ ಕೊಟ್ಟ ಮೇಲೆ ನಿಲ್ದಾಣಕ್ಕೆ ಕರೆತರುವ ಹೊಣೆ ಅವರದು. ಆಗ ನೀವು ಗಟ್ಟಿಯಾಗಿ ಮಾತನಾಡಬಹುದು. ಹಾಗೆಂದು ಬೈಪಾಸ್‌ನಲ್ಲಿ ನಿಂತು ಕೈ ಅಡ್ಡ ಹಾಕಿ ತಡೆರಹಿತ ಬಸ್ಸು ಹತ್ತುವ ಸಾಹಸಕ್ಕೆ ಮಾತ್ರ ಇಳಿಯಬೇಡಿ. ನೂರು ಕಿ.ಮೀ. ವೇಗದಲ್ಲಿ ವಾಹನಗಳು ಬರುವ ರಸ್ತೆ ಅದು. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನೇ ಅಲ್ಲಿ ನಿಷೇಧಿಸಿದ್ದಾರೆ. ನಡೆದಾಡುವವರಿಗೆ ಅಲ್ಲಿ ಇನ್ನೆಷ್ಟು ಅಪಾಯವಿದೆ ಎಂದು ಯೋಚಿಸಿ.

ಹೋಗುವಾಗಿನ ಬಸ್ಸಿನ ವಿಷಯಕ್ಕೆ ಬರುತ್ತೇನೆ. ಮಂಡ್ಯದವರ ಬಹುದಿನದ ಕಷ್ಟವೆಂದರೆ ಮೈಸೂರಿನಿಂದ ಬರುವ ಬಸ್ಸು ಇಲ್ಲಿಗೆ ತಲುಪುವಷ್ಟರಲ್ಲಿ ತುಂಬಿರುತ್ತದೆ. ಸೋಮವಾರ ಬೆಳಿಗ್ಗೆ ಅಂತಹ ಬಸ್ಸಿನಲ್ಲಿ ಕಂಬ ಹಿಡಿದು ನಿಲ್ಲಲೂ ಜಾಗ ಸಿಗುವುದಿಲ್ಲ. ಆದ್ದರಿಂದ ಮಂಡ್ಯ ಘಟಕದಿಂದಲೇ, ಮಂಡ್ಯ ನಿಲ್ದಾಣದಿಂದಲೇ ಹೊರಡುವ ಬೆಂಗಳೂರು ಬಸ್ಸನ್ನು ಹಿಡಿಯಿರಿ. ಅದು ಅಂಕಣದಲ್ಲಿ ಖಾಲಿ ನಿಂತಿರುತ್ತದೆ. ತಂದೆಯವರು ಆತುರವಿಲ್ಲದೆ ಮೆಟ್ಟಿಲು ಹತ್ತಬಹುದು, ಬೇಕಾದ ಆಸನ ಆರಿಸಿಕೊಳ್ಳಬಹುದು. ಬಸ್ಸಿನ ನೋಂದಣಿ ಸಂಖ್ಯೆ ಕೆಎ 11 ಎಂದು ಶುರುವಾಗಿದ್ದರೆ ಸಾಮಾನ್ಯವಾಗಿ ಅದು ಮಂಡ್ಯದ ಬಸ್ಸು, ಕೆಎ 09 ಎಂದಿದ್ದರೆ ಮೈಸೂರಿನದು. ಆದರೂ ಸಂಖ್ಯೆಯನ್ನೇ ನಂಬಿ ಕೂರಬೇಡಿ. ಹೋಗುವ ಹಿಂದಿನ ದಿನ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕುಳಿತಿರುವ ಸಂಚಾರ ನಿಯಂತ್ರಕರನ್ನು ಕೇಳಿ: ‘ಬೆಳಿಗ್ಗೆ ಇಲ್ಲಿಂದಲೇ ಹೊರಡುವ ಮೊದಲ ಎರಡು ಬೆಂಗಳೂರು ಬಸ್ಸುಗಳು ಯಾವ ಅಂಕಣದಿಂದ, ಎಷ್ಟು ಗಂಟೆಗೆ, ಯಾವ ರಸ್ತೆಯಲ್ಲಿ?’ ಎಂದು. ಎಷ್ಟೋ ಜನ ಆ ಕೌಂಟರಿನ ಹತ್ತಿರ ಸುಳಿಯುವುದೇ ಇಲ್ಲ. ಮೊಬೈಲಿನಲ್ಲಿ ಹುಡುಕಿದರೆ ಸಿಗದ ಮಾಹಿತಿ ಅಲ್ಲಿರುತ್ತದೆ. ಇಂದು ಯಾವ ಬಸ್ಸು ರಿಪೇರಿಗೆ ಹೋಗಿದೆ, ಯಾವುದನ್ನು ಮದುವೆಗೆ ಒಪ್ಪಂದದ ಮೇಲೆ ಕಳಿಸಿದ್ದಾರೆ ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ.

ನಿಮ್ಮ ಹಳ್ಳಿಯಿಂದ ಮಂಡ್ಯಕ್ಕೆ ಬರುವ ಮೊದಲ ಬಸ್ಸು ತಡವಾದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಮಂಡ್ಯದಲ್ಲಿ ನೆಂಟರಿದ್ದರೆ ಹಿಂದಿನ ರಾತ್ರಿ ಅಲ್ಲಿ ಉಳಿದುಕೊಳ್ಳುವುದೇ ಲೇಸು. ಬೆಳಗಿನ ಜಾವ ಮೂರಕ್ಕೆ ಎದ್ದು ಹೊರಟ ದೇಹ ಆಸ್ಪತ್ರೆ ತಲುಪುವಾಗ ಬಳಲಿರುತ್ತದೆ. ರಕ್ತದೊತ್ತಡವೂ ಏರಿರಬಹುದು.

ಎಸಿ ಬಸ್ಸಿನ ಬಗ್ಗೆ ಕೇಳಿದ್ದೀರಿ. ಐರಾವತ, ವಿದ್ಯುತ್ ಚಾಲಿತ ಇವಿ ಪವರ್ ಪ್ಲಸ್ ಬಸ್ಸುಗಳಲ್ಲಿ ಏರ್ ಸಸ್ಪೆನ್ಷನ್ ಇರುತ್ತದೆ. ರಸ್ತೆಯ ಕುಲುಕಾಟ ಬೆನ್ನಿಗೆ ತಾಗುವುದಿಲ್ಲ, ಆಸನವೂ ಹಿಂದಕ್ಕೆ ವಾಲುತ್ತದೆ. ಅವು ಒಳ್ಳೆಯ ಬಸ್ಸುಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವುಗಳಲ್ಲಿ ಹಲವು ಮೈಸೂರು–ಬೆಂಗಳೂರು ತಡೆರಹಿತ ಸೇವೆಗಳು. ಮಂಡ್ಯದೊಳಗೆ ಬರುವ ಎಸಿ ಬಸ್ಸಿಗಾಗಿ ಕಾಯುತ್ತ ನಿಲ್ದಾಣದ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕುಳಿತರೆ ಆ ಸುಖದ ಲಾಭ ಅಲ್ಲೇ ಕರಗಿತು. ಇನ್ನೊಂದು ಸಂಗತಿಯೂ ಇದೆ. ಎಸಿ ಬಸ್ಸಿನಲ್ಲಿ ಕಿಟಕಿ ತೆರೆಯುವುದಿಲ್ಲ, ದಾರಿ ಮಧ್ಯೆ ನಿಲ್ಲಿಸಿ ಎಂದು ಕೇಳಲು ಹಿರಿಯರು ಸಂಕೋಚಪಡುತ್ತಾರೆ. ನಿಮ್ಮ ತಂದೆಯವರಿಗೆ ಬೇಕಾಗಿರುವುದು ವೇಗವಲ್ಲ, ತಣ್ಣನೆಯ ಗಾಳಿಯೂ ಅಲ್ಲ. ಖಾತ್ರಿಯಾಗಿ ಕೂರಲು ಜಾಗ, ಬೇಕಾದಾಗ ಇಳಿಯಲು ಅವಕಾಶ, ಆಸ್ಪತ್ರೆಗೆ ಹತ್ತಿರವಾಗುವ ಕಡೆ ಇಳಿಸುವ ಬಸ್ಸು. ನನ್ನ ಅಭಿಪ್ರಾಯದಲ್ಲಿ ಮಂಡ್ಯದಿಂದಲೇ ಹೊರಡುವ ಕೆಂಪು ವೇಗದೂತ ಬಸ್ಸು ನಿಮಗೆ ಸಾಕು.

ಖರ್ಚಿನ ದೃಷ್ಟಿಯಿಂದಲೂ ಹಾಗೆಯೇ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ನಿಮಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲ. ರಾಜಹಂಸ, ಐರಾವತ, ಸ್ಲೀಪರ್, ಎಸಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. 2024ರ ಫೆಬ್ರುವರಿಯಲ್ಲಿ ರಸ್ತೆಗಿಳಿದ ಅಶ್ವಮೇಧ ಬಸ್ಸುಗಳಲ್ಲಿ ಮಾತ್ರ, ನೋಡಲು ಹೊಸದಾಗಿ ಕಂಡರೂ, ಶಕ್ತಿ ನಡೆಯುತ್ತದೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟನ್ನು ಕೇಳಿ ಪಡೆಯಿರಿ. ಉಚಿತವಲ್ಲವೇ, ಟಿಕೆಟ್ ಏಕೆ ಎಂದು ಬಿಡಬೇಡಿ. ತನಿಖೆಯವರು ಹತ್ತಿದರೆ ತೊಂದರೆ ಎಂಬುದು ಒಂದು ಕಾರಣ. ಆ ಟಿಕೆಟ್‌ಗಳ ಲೆಕ್ಕದ ಮೇಲೆಯೇ ಸರ್ಕಾರ ಸಾರಿಗೆ ಸಂಸ್ಥೆಗೆ ಹಣ ಕೊಡುವುದು ಎಂಬುದು ಇನ್ನೊಂದು. ನೀವು ಪಡೆದ ಒಂದೊಂದು ಶೂನ್ಯ ಟಿಕೆಟ್ಟೂ ಈ ದಾರಿಯಲ್ಲಿ ಇನ್ನಷ್ಟು ಬಸ್ಸು ಬೇಕು ಎಂಬುದಕ್ಕೆ ಸಾಕ್ಷಿ. ತಂದೆಯವರಿಗೆ 60 ದಾಟಿರುವುದರಿಂದ ವಯಸ್ಸಿನ ದಾಖಲೆ ತೋರಿಸಿದರೆ ಶೇ 25ರಷ್ಟು ರಿಯಾಯಿತಿ ಉಂಟು. ಟಿಕೆಟ್ ಕೊಡುವ ಮೊದಲೇ ‘ಹಿರಿಯ ನಾಗರಿಕರು’ ಎಂದು ಹೇಳಬೇಕು. ಯಂತ್ರದಿಂದ ಚೀಟಿ ಹೊರಬಂದ ಮೇಲೆ ಹೇಳಿದರೆ ನಿರ್ವಾಹಕರಿಗೂ ಕಷ್ಟ. ಎಕ್ಸ್‌ಪ್ರೆಸ್‌ವೇ ಮೂಲಕ ಹೋಗುವ ಬಸ್ಸಿನಲ್ಲಿ ಟೋಲ್‌ನ ಬಾಬ್ತು ಸೇರುವುದರಿಂದ ದರ ತುಸು ಹೆಚ್ಚಿರುತ್ತದೆ. ಎರಡು ಬಸ್ಸಿನ ದರ ಬೇರೆಬೇರೆ ಇತ್ತೆಂದು ಗಾಬರಿಯಾಗಬೇಡಿ.

ಬಸ್ಸಿನಲ್ಲಿ ಎಲ್ಲಿ ಕೂರಬೇಕು ಎಂಬುದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಕೊನೆಯ ಸಾಲುಗಳು ಹಿಂದಿನ ಚಕ್ರದ ಅಚ್ಚಿನಿಂದ ಆಚೆಗೆ ಚಾಚಿಕೊಂಡಿರುತ್ತವೆ. ಚಕ್ರ ಹಳ್ಳಕ್ಕಿಳಿದು ಎದ್ದಾಗ ಆ ಭಾಗ ಎಲ್ಲಕ್ಕಿಂತ ಹೆಚ್ಚು ಎಗರುತ್ತದೆ. ರಸ್ತೆ ಉಬ್ಬಿನ ಮೇಲೆ ಹೋದಾಗ ಹಿಂದೆ ಕುಳಿತವರು ಆಸನದಿಂದ ಮೇಲೆ ಹಾರಿ ಕೂರುವುದನ್ನು ನೀವೇ ಕಂಡಿರುತ್ತೀರಿ. ವಯಸ್ಸಾದವರ ಬೆನ್ನುಮೂಳೆಗೆ ಅದೊಂದು ಹೊಡೆತವೇ ಸಾಕು. ಎರಡು ಅಚ್ಚುಗಳ ನಡುವೆ, ಮುಂದಿನಿಂದ ಮೂರನೆಯ ಸಾಲಿನಿಂದ ಐದನೆಯ ಸಾಲಿನವರೆಗೆ ಕುಲುಕಾಟ ಕಡಿಮೆ, ಹೊಟ್ಟೆ ತೊಳಸುವುದೂ ಕಡಿಮೆ. ಇನ್ನು ಬಿಸಿಲು. ಮಂಡ್ಯಕ್ಕೆ ಬೆಂಗಳೂರು ಈಶಾನ್ಯದಲ್ಲಿದೆ. ಬೆಳಿಗ್ಗೆ ಹೋಗುವಾಗ ಪೂರ್ವದ ಸೂರ್ಯ ಬಸ್ಸಿನ ಬಲಬದಿಗೆ ಬೀಳುತ್ತಾನೆ. ಸಂಜೆ ಹಿಂದಿರುಗುವಾಗ ಬಸ್ಸು ನೈಋತ್ಯಕ್ಕೆ ಮುಖ ಮಾಡಿರುವುದರಿಂದ ಪಶ್ಚಿಮದ ಬಿಸಿಲೂ ಬಲಬದಿಗೇ. ಹೀಗಾಗಿ ಎರಡೂ ಸಲ ಎಡಗಡೆಯ ಆಸನವೇ ತಂಪು. ಕಿಟಕಿಯ ಬದಿಗೆ ನೀವು ಕೂತು, ಓಣಿಯ ಬದಿಗೆ ಅವರನ್ನು ಕೂರಿಸಿ. ಎದ್ದು ಇಳಿಯಲು ಅವರಿಗೆ ಯಾರ ಮಂಡಿಯನ್ನೂ ದಾಟಬೇಕಾಗುವುದಿಲ್ಲ. ಆಸನ ಸಿಗದಿದ್ದರೆ ಕೇಳಲು ಹಿಂಜರಿಯಬೇಡಿ. ಹಿರಿಯ ನಾಗರಿಕರಿಗೆ ಮೀಸಲಾದ ಆಸನಗಳಿವೆ. ಶಕ್ತಿ ಯೋಜನೆಯ ಆದೇಶದಲ್ಲೇ ವೇಗದೂತ ಬಸ್ಸುಗಳ ಅರ್ಧ ಆಸನ ಪುರುಷರಿಗೆ ಎಂದಿದೆ.

ಈಗ ಮೂತ್ರದ ವಿಷಯ. ನಿಮ್ಮ ಪತ್ರದಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ, ನಾನು ಇದಕ್ಕೇ ಹೆಚ್ಚು ತೂಕ ಕೊಡುತ್ತೇನೆ. ಬಸ್ಸಿನಲ್ಲಿ ಶೌಚಾಲಯ ಇರುವುದಿಲ್ಲವಾದ್ದರಿಂದ ಹಿರಿಯರು ಏನು ಮಾಡುತ್ತಾರೆಂದರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ, ಬೆಳಗಿನ ಮಾತ್ರೆಯನ್ನು ಯಾರಿಗೂ ಹೇಳದೆ ಜೇಬಿನಲ್ಲೇ ಉಳಿಸಿಕೊಳ್ಳುತ್ತಾರೆ. ಹೃದಯದ ರೋಗಿಗೆ ಎರಡೂ ಕೆಟ್ಟದ್ದು. ವೈದ್ಯರ ಹತ್ತಿರ ಹೋಗುವ ದಿನವೇ ಮಾತ್ರೆ ತಪ್ಪಿದರೆ ಅಲ್ಲಿ ಅಳೆಯುವ ರಕ್ತದೊತ್ತಡವೂ ನಿಜ ಹೇಳುವುದಿಲ್ಲ. ಆದ್ದರಿಂದ ಈ ಬಾರಿ ಹೋದಾಗ ವೈದ್ಯರನ್ನೇ ನೇರವಾಗಿ ಕೇಳಿ: ‘ಪ್ರಯಾಣದ ದಿನ ನೀರಿನ ಮಾತ್ರೆಯನ್ನು ಇಲ್ಲಿಗೆ ಬಂದ ಮೇಲೆ ಕೊಡಬಹುದೇ?’ ಎಂದು. ಮಾತ್ರೆಯ ಹೊತ್ತು ಬದಲಿಸಬಹುದೇ ಇಲ್ಲವೇ ಎಂಬುದನ್ನು ಅವರು ಹೇಳಬೇಕು, ನೀವಾಗಿಯೇ ತೀರ್ಮಾನಿಸಬೇಡಿ. ಬಸ್ಸು ಹೊರಡುವ ಹತ್ತು ನಿಮಿಷ ಮೊದಲು ಮಂಡ್ಯ ನಿಲ್ದಾಣದ ಶೌಚಾಲಯಕ್ಕೆ ಹೋಗಿ ಬರಲಿ, ಇಳಿದ ತಕ್ಷಣ ಬೆಂಗಳೂರಿನ ನಿಲ್ದಾಣದಲ್ಲಿ ಮತ್ತೊಮ್ಮೆ. ಎಕ್ಸ್‌ಪ್ರೆಸ್‌ವೇ ಬಸ್ಸಿನಲ್ಲಿ ಈ ಎರಡರ ನಡುವಿನ ಅವಧಿ ಸುಮಾರು ಎರಡು ಗಂಟೆ, ಹಳೆಯ ರಸ್ತೆಯಲ್ಲಾದರೆ ಎರಡೂವರೆಯಿಂದ ಮೂರು.

ಎರಡು ಗಂಟೆ ತಡೆಯಲು ಅವರಿಂದ ಆಗದು ಎಂದಾದರೆ ಹಳೆಯ ರಸ್ತೆಯ ಬಸ್ಸನ್ನೇ ಹಿಡಿಯಿರಿ. ನಿಧಾನ ನಿಜ. ಆದರೆ ಮದ್ದೂರು, ಚನ್ನಪಟ್ಟಣ, ರಾಮನಗರ ಮೂರರಲ್ಲೂ ಬಸ್ ನಿಲ್ದಾಣಗಳಿವೆ. ಹತ್ತುವಾಗಲೇ ನಿರ್ವಾಹಕರ ಹತ್ತಿರ ಹೋಗಿ, ‘ಅಪ್ಪನಿಗೆ ಹೃದಯದ ತೊಂದರೆ, ನೀರಿನ ಮಾತ್ರೆ ತೆಗೆದುಕೊಳ್ಳುತ್ತಾರೆ. ಚನ್ನಪಟ್ಟಣದಲ್ಲಿ ಐದು ನಿಮಿಷ ಬೇಕಾಗಬಹುದು’ ಎಂದು ಮೆಲುದನಿಯಲ್ಲಿ ಹೇಳಿ. ಮೊದಲೇ ಹೇಳಿದವರಿಗೆ ಇಲ್ಲ ಎನ್ನುವ ನಿರ್ವಾಹಕರು ಅಪರೂಪ. ಬಸ್ಸು ಓಡುತ್ತಿರುವಾಗ ಎದ್ದು ನಿಂತು ಕೂಗಿದರೆ ಚಾಲಕರಿಗೆ ನಿಲ್ಲಿಸಲು ಜಾಗವಿರುವುದಿಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಂತೂ ಕಂಡಕಂಡಲ್ಲಿ ನಿಲ್ಲಿಸುವಂತೆಯೇ ಇಲ್ಲ. ಹಳೆಯ ರಸ್ತೆಗೆ ಇನ್ನೊಂದು ಅನುಕೂಲವಿದೆ. ಊರುಗಳ ನಡುವೆಯೇ ಹಾದುಹೋಗುವುದರಿಂದ ಎದೆನೋವು ಬಂದರೆ ಆಸ್ಪತ್ರೆ ಹತ್ತಿರವಿರುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಹೊರಹೋಗುವ ದಾರಿ ಬರುವವರೆಗೆ ಬಸ್ಸು ಮುಂದಕ್ಕೇ ಹೋಗಬೇಕು. ಯಾವುದೇ ದಾರಿಯಲ್ಲಿ ಹೋದರೂ ವೈದ್ಯರು ನಾಲಿಗೆಯಡಿ ಇಡಲು ಕೊಟ್ಟಿರುವ ಮಾತ್ರೆ ಇದ್ದರೆ ಅದು ತಂದೆಯವರ ಅಂಗಿಯ ಜೇಬಿನಲ್ಲಿರಲಿ, ಬ್ಯಾಗಿನ ತಳದಲ್ಲಿ ಬೇಡ. ತುರ್ತಾದರೆ 108ಕ್ಕೆ ಕರೆ ಮಾಡಿ. ಹೆದ್ದಾರಿಯಲ್ಲಿದ್ದರೆ ಹೆದ್ದಾರಿ ಪ್ರಾಧಿಕಾರದ 1033 ಸಹಾಯವಾಣಿಯೂ ಇದೆ.

ಸಕ್ಕರೆ ಕಾಯಿಲೆ ಇರುವುದರಿಂದ ಇನ್ನೊಂದು ಮಾತು. ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದು ಹೇಳಿದ್ದಾರೆಯೇ ಎಂಬುದನ್ನು ಫೈಲಿನಲ್ಲಿ ನೋಡಿಕೊಳ್ಳಿ. ಹೇಳಿರದಿದ್ದರೆ ಉಪವಾಸ ಕರೆದೊಯ್ಯಬೇಡಿ. ಹೇಳಿದ್ದರೆ ಅಂದು ಬೆಳಿಗ್ಗೆಯ ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ಏನು ಮಾಡಬೇಕು ಎಂಬುದನ್ನೂ ಮೊದಲೇ ಕೇಳಿರಬೇಕು. ಬಸ್ಸಿನಲ್ಲಿ ಅವರು ಬೆವರಿ, ಕೈ ನಡುಗಿ, ಮಾತು ತೊದಲಿದರೆ ಸಕ್ಕರೆ ಇಳಿದಿರಬಹುದು. ಆಗ ಪರೀಕ್ಷೆಯ ಚಿಂತೆ ಬಿಟ್ಟು ಕೂಡಲೇ ಬೆಲ್ಲ ಕೊಡಿ. ನಮ್ಮ ಜಿಲ್ಲೆಯಲ್ಲಿ ಬೆಲ್ಲಕ್ಕೇನು ಬರ, ಒಂದು ಅಚ್ಚನ್ನು ಪುಡಿ ಮಾಡಿ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಹಾಗೆಯೇ ಎಕ್ಸ್‌ರೇ, ಇಸಿಜಿ, ಹಳೆಯ ಚೀಟಿಗಳ ಫೈಲು ನಿಮ್ಮ ತೊಡೆಯ ಮೇಲಿರಲಿ. ಮೇಲಿನ ಅಟ್ಟದಲ್ಲಿಟ್ಟು ಮರೆತು ಇಳಿದ ಫೈಲುಗಳು ಘಟಕದ ಕಚೇರಿಯಲ್ಲಿ ಬಂದು ಬೀಳುವುದನ್ನು ಬಹಳ ಕಂಡಿದ್ದೇನೆ. ಆ ಕಾಗದಗಳ ಹಿಂದೆ ಒಂದು ಮನೆಯ ಎಷ್ಟು ಓಡಾಟವಿರುತ್ತದೆ ಎಂದು ನೆನೆದರೆ ಸಂಕಟವಾಗುತ್ತದೆ. ಟಿಕೆಟನ್ನು ಪ್ರಯಾಣ ಮುಗಿದ ಮೇಲೂ ಎರಡು ದಿನ ಇಟ್ಟುಕೊಳ್ಳಿ. ಅದರ ಮೇಲೆ ಇರುವ ವಿವರಗಳಿಂದ ಬಸ್ಸನ್ನು ಪತ್ತೆ ಹಚ್ಚುವುದು ಸುಲಭ.

ಬೆಂಗಳೂರಿನಲ್ಲಿ ಎಲ್ಲಿ ಇಳಿಯಬೇಕು ಎಂಬುದೇ ಮುಖ್ಯ ಪ್ರಶ್ನೆ. ಎಲ್ಲರ ನಾಲಿಗೆಯ ಮೇಲೂ ಮೆಜೆಸ್ಟಿಕ್ ಎಂದೇ ಬರುತ್ತದೆ. ಆದರೆ ಮೈಸೂರು, ಮಂಡ್ಯ ಕಡೆಯ ಬಸ್ಸುಗಳ ಮುಖ್ಯ ನೆಲೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣ. ಬಸ್ಸು ಮೆಜೆಸ್ಟಿಕ್‌ವರೆಗೆ ಹೋದರೂ ನೀವು ಹೋಗುವ ಅಗತ್ಯವಿಲ್ಲ. ಜಯದೇವ ಆಸ್ಪತ್ರೆ ಇರುವುದು ನಗರದ ದಕ್ಷಿಣದಲ್ಲಿ, ಬನ್ನೇರುಘಟ್ಟ ರಸ್ತೆ ಹೊರವರ್ತುಲ ರಸ್ತೆಯನ್ನು ಸೇರುವ ಕಡೆ. ಆ ಹೊರವರ್ತುಲ ರಸ್ತೆ ಮೈಸೂರು ರಸ್ತೆಯನ್ನು ಸಂಧಿಸುವುದು ನಾಯಂಡಹಳ್ಳಿಯಲ್ಲಿ, ಅಂದರೆ ಸ್ಯಾಟಲೈಟ್ ನಿಲ್ದಾಣಕ್ಕೂ ಮೊದಲೇ. ಅಲ್ಲಿಂದ ಕತ್ರಿಗುಪ್ಪೆ, ಬನಶಂಕರಿ, ಜೆ.ಪಿ. ನಗರದ ಮಗ್ಗುಲಿನಲ್ಲಿ ಹಾದು ಆಸ್ಪತ್ರೆಗೆ ಸುಮಾರು 10–12 ಕಿ.ಮೀ. ಬೆಳಿಗ್ಗೆ ಏಳೂವರೆಯೊಳಗೆ ನಾಯಂಡಹಳ್ಳಿ ಮುಟ್ಟಿದರೆ ಈ ದಾರಿಯಷ್ಟು ಸುಲಭವಾದದ್ದು ಬೇರೊಂದಿಲ್ಲ. ಬನಶಂಕರಿ ಮಾರ್ಗವಾಗಿ ಹೊರವರ್ತುಲ ರಸ್ತೆಯಲ್ಲೇ ಹೋಗುವ ಬಿಎಂಟಿಸಿ ಬಸ್ಸುಗಳು ಸಿಗುತ್ತವೆ. ತಂದೆಯವರಿಗೆ ಸುಸ್ತಾಗಿದ್ದರೆ ಆಟೊ ಹಿಡಿಯಿರಿ. ಎಸಿ ಬಸ್ಸಿಗೆ ಎಂದು ತೆಗೆದಿಟ್ಟ ದುಡ್ಡನ್ನು ಖರ್ಚು ಮಾಡಬೇಕಾದ ಜಾಗ ಇದು. ನೂರು ಕಿ.ಮೀ. ಬಸ್ಸಿನಲ್ಲಿ ಕುಳಿತು ಬಂದದ್ದಕ್ಕಿಂತ ನಗರದೊಳಗಿನ ಈ ಹತ್ತು ಕಿ.ಮೀ. ರೋಗಿಯನ್ನು ಹೆಚ್ಚು ದಣಿಸುತ್ತದೆ.

ಎಂಟೂವರೆಯ ನಂತರ ಅದೇ ವರ್ತುಲ ರಸ್ತೆ ವಾಹನಗಳಿಂದ ಕಿಕ್ಕಿರಿಯುತ್ತದೆ. ತಡವಾಗಿ ತಲುಪಿದಿರಾದರೆ ಮೆಟ್ರೊ ಹತ್ತುವುದು ಜಾಣತನ. ಸ್ಯಾಟಲೈಟ್ ನಿಲ್ದಾಣಕ್ಕೆ ದೀಪಾಂಜಲಿ ನಗರ ಮೆಟ್ರೊ ನಿಲ್ದಾಣ ಹತ್ತಿರ. ಅಲ್ಲಿಂದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಆರ್.ವಿ. ರಸ್ತೆ, ಅಲ್ಲಿ ಮತ್ತೆ ಹಳದಿ ಮಾರ್ಗಕ್ಕೆ ಬದಲಿಸಿದರೆ ಎರಡನೆಯ ನಿಲ್ದಾಣವೇ ಜಯದೇವ ಆಸ್ಪತ್ರೆ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದದ್ದು, ಮೊದಲು ಈ ಅನುಕೂಲ ಇರಲಿಲ್ಲ. ಟ್ರಾಫಿಕ್ ಕಾಟವಿಲ್ಲ, ಲಿಫ್ಟ್ ಇದೆ, ನಿಲ್ದಾಣಗಳಲ್ಲಿ ಶೌಚಾಲಯವೂ ಸಿಗುತ್ತದೆ. ಕಷ್ಟವೆಂದರೆ ಎರಡು ಕಡೆ ರೈಲು ಬದಲಿಸಬೇಕು, ಮೆಜೆಸ್ಟಿಕ್‌ನಲ್ಲಿ ನಡಿಗೆ ಜಾಸ್ತಿ. ಅಲ್ಲಿ ಜನರ ನೂಕಿನೊಡನೆ ಎಸ್ಕಲೇಟರ್ ಕಡೆಗೆ ಹೋಗದೆ ಸಿಬ್ಬಂದಿಯನ್ನು ಕೇಳಿ ಲಿಫ್ಟ್ ಬಳಿಗೆ ಹೋಗಿ. ಹೋಗುವಾಗ ವರ್ತುಲ ರಸ್ತೆ, ಮಧ್ಯಾಹ್ನದ ಮೇಲೆ ಬರುವಾಗ ಮೆಟ್ರೊ, ಹೀಗೆ ಇಟ್ಟುಕೊಂಡರೆ ನಿಮಗೆ ಸರಿಹೊಂದುತ್ತದೆ ಎಂದು ನನ್ನ ಎಣಿಕೆ. ಹಿಂದಿರುಗುವಾಗ ಕೆಂಗೇರಿಯವರೆಗೆ ಮೆಟ್ರೊದಲ್ಲಿ ಹೋಗಿ ಅಲ್ಲಿ ಬಸ್ಸು ಹತ್ತುವ ಆಸೆಯಾಗಬಹುದು. ಒಬ್ಬರೇ ಇದ್ದಾಗ ಮಾಡಿ. ತಂದೆಯವರೊಡನೆ ಬೇಡ, ಕೆಂಗೇರಿಗೆ ಬರುವಷ್ಟರಲ್ಲಿ ಬಸ್ಸಿನ ಆಸನಗಳು ತುಂಬಿರುತ್ತವೆ. ಸ್ಯಾಟಲೈಟ್‌ನಲ್ಲೇ ಹತ್ತಿ, ಮಂಡ್ಯ ಫಲಕದ ಬಸ್ಸನ್ನೇ ಹತ್ತಿ, ಅದು ಹೊರಡಲು ಇಪ್ಪತ್ತು ನಿಮಿಷ ಇದ್ದರೂ ಸರಿ.

ರೈಲನ್ನು ನಾನು ಮರೆತಿಲ್ಲ. ಮೈಸೂರು–ಬೆಂಗಳೂರು ರೈಲುಗಳಲ್ಲಿ ಅನೇಕವು ಮಂಡ್ಯದಲ್ಲಿ ನಿಲ್ಲುತ್ತವೆ, ಬೋಗಿಯಲ್ಲೇ ಶೌಚಾಲಯವಿದೆ. ಆ ಒಂದು ಕಾರಣಕ್ಕೆ ಬಸ್ಸಿನವನಾದ ನಾನೇ ಅದನ್ನು ಶಿಫಾರಸು ಮಾಡುತ್ತೇನೆ, ಹೊತ್ತು ಹೊಂದುವುದಾದರೆ ಮತ್ತು ಕೂರಲು ಜಾಗ ಸಿಗುವುದಾದರೆ. ಆಫೀಸಿಗೆ ಹೋಗುವವರ ಹೊತ್ತಿನ ರೈಲಿನಲ್ಲಿ ಕಾಯ್ದಿರಿಸದೆ ಹತ್ತಬೇಡಿ.

ದಿನ ಆರಿಸುವ ಅವಕಾಶ ಆಸ್ಪತ್ರೆಯವರು ಕೊಟ್ಟರೆ ಮಂಗಳವಾರದಿಂದ ಗುರುವಾರದೊಳಗೆ ಇಟ್ಟುಕೊಳ್ಳಿ. ಸೋಮವಾರ ಬೆಳಿಗ್ಗೆ ಬೆಂಗಳೂರಿನ ಕಡೆಗೆ, ಶುಕ್ರವಾರ ಸಂಜೆ ಮೈಸೂರಿನ ಕಡೆಗೆ ಜನಸಾಗರ. ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗುವವರಿಂದ ಈ ದಾರಿಯ ಕೆಂಪು ಬಸ್ಸುಗಳು ತುಂಬಿರುತ್ತವೆ. ದಸರೆಯ ಹೊತ್ತಿನಲ್ಲಂತೂ ಹಿಂದಿರುಗುವ ಬಸ್ಸಿನಲ್ಲಿ ಕಾಲಿಡಲಾಗುವುದಿಲ್ಲ. ನಮ್ಮ ಜಿಲ್ಲೆಗೇ ಸೇರಿದ ಇನ್ನೊಂದು ಎಚ್ಚರಿಕೆಯೂ ಇದೆ. ಕಾವೇರಿ ನೀರಿನ ವಿಷಯ ಬಿಸಿಯೇರಿದ ದಿನಗಳಲ್ಲಿ ಹಿಂದಿನ ಸಂಜೆಯ ಸುದ್ದಿ ನೋಡದೆ ಹೊರಡಬೇಡಿ. 2023ರ ಸೆಪ್ಟೆಂಬರ್ 23ರಂದು ಮಂಡ್ಯ ಬಂದ್, 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ಹೀಗೆ ಒಂದೇ ವಾರದಲ್ಲಿ ಮೂರು ನಡೆದವು. ರೈತರ ಹೋರಾಟ ನ್ಯಾಯವಾದದ್ದೇ. ರೋಗಿಯನ್ನು ಕರೆದೊಯ್ಯುವವರು ಮಾತ್ರ ಅದರ ಮಧ್ಯೆ ಸಿಕ್ಕಿಹಾಕಿಕೊಳ್ಳಬಾರದು.

ಇಷ್ಟೆಲ್ಲ ಹೇಳಿದ ಮೇಲೆ, ನೀವು ಕೇಳದ ಒಂದು ಮಾತನ್ನೂ ಹೇಳಲೇಬೇಕು. ಜಯದೇವ ಸಂಸ್ಥೆಯ ಶಾಖೆ ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲೂ ಇದೆ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ., ಬೆಂಗಳೂರಿನ ದೂರದ ಅರ್ಧವೂ ಅಲ್ಲ. ಸ್ಟೆಂಟ್ ಹಾಕಿದ ವೈದ್ಯರಿಗೇ ತೋರಿಸಬೇಕಾದ ಸಂದರ್ಭಗಳು ಇರುತ್ತವೆ, ಅವನ್ನು ತಪ್ಪಿಸಬೇಡಿ. ಆದರೆ ಮೂರು ತಿಂಗಳಿಗೊಮ್ಮೆಯ ಮಾಮೂಲಿ ತಪಾಸಣೆ, ಇಸಿಜಿ, ಮಾತ್ರೆ ಬರೆಸುವುದು ಇವನ್ನು ಮೈಸೂರಿನಲ್ಲಿ ಮಾಡಿಸಬಹುದೇ ಎಂದು ಬೆಂಗಳೂರಿನ ವೈದ್ಯರನ್ನು ಈ ಸಲವೇ ಕೇಳಿ. ಒಪ್ಪಿದರೆ ಫೈಲಿನಲ್ಲಿ ಬರೆಸಿಕೊಂಡು ಬನ್ನಿ. ಮೈಸೂರಿಗೆ ಹೋಗುವಾಗ ಗ್ರಾಮಾಂತರ ಬಸ್ ನಿಲ್ದಾಣದವರೆಗೂ ಹೋಗಬೇಕಾಗಿಲ್ಲ. ಬನ್ನಿಮಂಟಪದ ಹತ್ತಿರ ಇಳಿದರೆ ಅಲ್ಲಿಂದ ಆಸ್ಪತ್ರೆಗೆ ಆಟೊ ಹತ್ತಿರವಾಗುತ್ತದೆ. ಹಿಂದಿರುಗುವಾಗ ಮಾತ್ರ ಗ್ರಾಮಾಂತರ ನಿಲ್ದಾಣಕ್ಕೇ ಹೋಗಿ ಹತ್ತಿ, ಅಲ್ಲಾದರೆ ಆಸನ ಸಿಗುತ್ತದೆ. ಹತ್ತುವ ಮೊದಲು, ಮೈಸೂರಿನಲ್ಲೂ, ‘ಮಂಡ್ಯದ ಒಳಗೆ ಹೋಗುತ್ತದೆಯೇ?’ ಎಂದೇ ಕೇಳಿ. ಬೆಂಗಳೂರಿನ ತಡೆರಹಿತ ಬಸ್ಸುಗಳು ಹೊರಡುವುದೂ ಅದೇ ನಿಲ್ದಾಣದಿಂದ.